ಅಪಧಮನಿಯ ಗೋಡೆಯಲ್ಲಿ ಅಯಾನುಗಳ ಹಂಚಿಕೆಯನ್ನೂ ಕ್ಯಾಲ್ಸಿಯಂ ಬಂಧನವನ್ನೂ ಅಳೆಯುವ ಬಗೆ

ಅಪಧಮನಿಯ ಒಂದು ತುಣುಕನ್ನು ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಒಟ್ಟು ಎಷ್ಟು ಕ್ಯಾಲ್ಸಿಯಂ ಇದೆ ಎಂದು ತಿಳಿಯುವುದು ಕಷ್ಟವಲ್ಲ. ಆ ಕ್ಯಾಲ್ಸಿಯಂ ಗೋಡೆಯ ಯಾವ ಭಾಗದಲ್ಲಿ, ಯಾವ ಸ್ಥಿತಿಯಲ್ಲಿ ಇತ್ತು ಎಂದು ಹೇಳುವುದು ಕಷ್ಟ. ಜೀವಕೋಶಗಳ ನಡುವಿನ ನೀರಿನಲ್ಲಿ ಸ್ವತಂತ್ರವಾಗಿ ಕರಗಿರುವ ಕ್ಯಾಲ್ಸಿಯಂ, ಅಂಗಾಂಶದ ಋಣಾವೇಶದ ಸೆಳೆತದಿಂದ ಅದೇ ನೀರಿನಲ್ಲಿ ಹೆಚ್ಚುವರಿಯಾಗಿ ಸೇರಿಕೊಂಡ ಕ್ಯಾಲ್ಸಿಯಂ, ನಿರ್ದಿಷ್ಟ ರಾಸಾಯನಿಕ ಗುಂಪುಗಳಿಗೆ ಅಂಟಿಕೊಂಡ ಕ್ಯಾಲ್ಸಿಯಂ, ಖನಿಜವಾಗಿ ಗಟ್ಟಿಯಾದ ಕ್ಯಾಲ್ಸಿಯಂ, ಸ್ನಾಯುಕೋಶಗಳ ಒಳಗಿನ ಕ್ಯಾಲ್ಸಿಯಂ, ಈ ಐದೂ ಒಂದೇ ಅಂಕಿಯಲ್ಲಿ ಬೆರೆತು ಬರುತ್ತವೆ. ಇವನ್ನು ಬಿಡಿಸುವ ಕ್ರಮವನ್ನು ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದ ಸಂಶೋಧನ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ. ಇಲಿಯ ಅಥವಾ ಹಂದಿಯ ಮಹಾಪಧಮನಿಯೊಂದಿಗೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ನನ್ನ ಒತ್ತಾಯ ಒಂದೇ: ಡೊನಾನ್ ಲೆಕ್ಕವನ್ನು (ಅಂಗಾಂಶದ ಋಣಾವೇಶವೊಂದೇ ಎಷ್ಟು ಅಯಾನನ್ನು ಸೆಳೆದಿಟ್ಟಿದೆ ಎಂಬ ಲೆಕ್ಕವನ್ನು) ಮಾಡದೆ ಯಾವ ಅಯಾನನ್ನೂ 'ಬಂಧಿತ' ಎಂದು ಕರೆಯಬಾರದು.

ಗೋಡೆಯ ರಚನೆ ಮತ್ತು ಅದರ ಆವೇಶ

ಅಪಧಮನಿಗೆ ಇಂಟಿಮಾ, ಮೀಡಿಯಾ, ಅಡ್ವೆಂಟೀಷಿಯಾ ಎಂಬ ಮೂರು ಪದರಗಳಿವೆ. ನಮಗೆ ಮುಖ್ಯವಾದುದು ನಡುವಿನ ಮೀಡಿಯಾ. ಅದರಲ್ಲಿ ಎಲಾಸ್ಟಿನ್ ಹಾಳೆಗಳು, ಅವುಗಳ ನಡುವೆ ನಯವಾದ ಸ್ನಾಯುಕೋಶಗಳು, ಕೊಲಾಜೆನ್ ಎಳೆಗಳು ಮತ್ತು ಈ ಎಲ್ಲದರ ಸಂದುಗಳಲ್ಲಿ, ಪ್ರೋಟೀನಿಗೆ ಸಕ್ಕರೆಯ ಸರಪಳಿಗಳು ಜೋಡಿಸಿಕೊಂಡ ಪ್ರೋಟಿಯೋಗ್ಲೈಕಾನ್‌ಗಳು ಇರುತ್ತವೆ. ಪ್ರೋಟಿಯೋಗ್ಲೈಕಾನ್‌ಗಳಿಗೆ ಜೋಡಿಸಿರುವ ಕೊಂಡ್ರಾಯ್ಟಿನ್ ಸಲ್ಫೇಟ್, ಡರ್ಮಾಟಾನ್ ಸಲ್ಫೇಟ್, ಹೆಪಾರಾನ್ ಸಲ್ಫೇಟ್ ಸರಪಳಿಗಳ ಸಲ್ಫೇಟ್ ಮತ್ತು ಕಾರ್ಬಾಕ್ಸಿಲ್ ಗುಂಪುಗಳು ದೇಹದ ಪಿಎಚ್‌ನಲ್ಲಿ ಋಣಾವೇಶವನ್ನು ಹೊತ್ತಿರುತ್ತವೆ. ಸರಪಳಿಗಳು ಜಾಲದಲ್ಲಿ ಸಿಕ್ಕಿಕೊಂಡಿರುವುದರಿಂದ ಆ ಆವೇಶ ಕದಲುವುದಿಲ್ಲ. ಆದ್ದರಿಂದಲೇ ಅದನ್ನು ಸ್ಥಿರ ಆವೇಶ ಎನ್ನುತ್ತಾರೆ. ಅದನ್ನು ಸರಿದೂಗಿಸಲು ಸುತ್ತಲಿನ ದ್ರವದಿಂದ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಹೆಚ್ಚಾಗಿ ಒಳಬರುತ್ತವೆ, ಕ್ಲೋರೈಡ್ ಸ್ವಲ್ಪ ಹೊರಗೆ ಉಳಿಯುತ್ತದೆ. 1911ರಲ್ಲಿ ಫ್ರೆಡರಿಕ್ ಡೊನಾನ್ ವಿವರಿಸಿದ ಸಮಸ್ಥಿತಿ ಇದೇ. ಇದರಲ್ಲಿ ಯಾವ ಅಯಾನೂ ಯಾವ ಗುಂಪಿಗೂ ಅಂಟಿಕೊಂಡಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಅವೆಲ್ಲ ನೀರಿನಲ್ಲಿ ಓಡಾಡಿಕೊಂಡೇ ಇರುತ್ತವೆ. ಅವುಗಳ ಸರಾಸರಿ ಸಾರತೆ ಮಾತ್ರ ಹೊರಗಿನದಕ್ಕಿಂತ ಹೆಚ್ಚು.

ಸ್ನಾಯುಕೋಶದ ಒಳಗೆ ಸ್ವತಂತ್ರ ಕ್ಯಾಲ್ಸಿಯಂ ವಿಶ್ರಾಂತಿಯಲ್ಲಿ ಸುಮಾರು 100 ನ್ಯಾನೋಮೋಲಾರ್ ಇರುತ್ತದೆ, ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ 1.1ರಿಂದ 1.3 ಮಿಲಿಮೋಲಾರ್. ಅಂದರೆ ಹೊರಗಿನದು ಒಳಗಿನದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಕೋಶದೊಳಗಿನ ಸಂಗ್ರಹಗಳನ್ನು ಸೇರಿಸಿಕೊಂಡರೂ ಅಪಧಮನಿಯ ಒಟ್ಟು ಕ್ಯಾಲ್ಸಿಯಂನ ಬಹುಭಾಗ ಕೋಶಗಳ ಹೊರಗೇ ಇರುತ್ತದೆ. ಈ ಕಾರಣದಿಂದ ಒಟ್ಟು ಕ್ಯಾಲ್ಸಿಯಂ ಹೆಚ್ಚಿತು ಎಂಬ ಒಂದೇ ಆಧಾರದ ಮೇಲೆ ಸ್ನಾಯುಕೋಶದ ಸಂಕುಚನದ ಬಗ್ಗೆ ತೀರ್ಮಾನ ಬರೆಯುವುದು ಯಾವಾಗಲೂ ದುರ್ಬಲವಾದ ವಾದ.

ಪಾತ್ರೆ, ನೀರು, ದ್ರಾವಣ

ಕ್ಯಾಲ್ಸಿಯಂ ಎಲ್ಲ ಕಡೆಯಿಂದಲೂ ಮಾದರಿಯೊಳಕ್ಕೆ ನುಸುಳುತ್ತದೆ. ಗಾಜಿನ ಪಾತ್ರೆಗಳ ಬದಲು ಪಾಲಿಪ್ರೊಪಿಲೀನ್ ಪಾತ್ರೆಗಳನ್ನು ಬಳಸಿ, ಅವನ್ನು 10 ಶೇಕಡಾ ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ, 18.2 ಮೆಗಾಓಮ್ ಸೆಂಟಿಮೀಟರ್ ಪ್ರತಿರೋಧದ ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆಯಬೇಕು. ಪುಡಿ ಹಚ್ಚಿದ ಕೈಗವಸು ಬೇಡ. ಅಂಗಾಂಶದ ಮೇಲಿನ ತೇವವನ್ನು ಒತ್ತಿ ತೆಗೆಯುವ ಸೋಸು ಕಾಗದ ಬೂದಿರಹಿತ ದರ್ಜೆಯದಾಗಿರಬೇಕು. ಸಾಮಾನ್ಯ ಕಾಗದದಲ್ಲಿರುವ ಕ್ಯಾಲ್ಸಿಯಂ ಸಣ್ಣ ತುಣುಕಿನ ಅಳತೆಯನ್ನು ಕೆಡಿಸುವಷ್ಟು ಇರುತ್ತದೆ. ನಮ್ಮ ಊರುಗಳ ಕೊಳವೆಬಾವಿಯ ನೀರು ಎಷ್ಟು ಗಡುಸೆಂದು ಬಲ್ಲವರಿಗೆ, ನಲ್ಲಿಯ ನೀರಿನಲ್ಲಿ ತೊಳೆದು ಒರೆಸಿಟ್ಟ ಬೀಕರನ್ನು ಏಕೆ ನಂಬಬಾರದೆಂದು ಬೇರೆ ಹೇಳಬೇಕಾಗಿಲ್ಲ. ಪ್ರತಿ ಸರಣಿಯಲ್ಲೂ ಅಂಗಾಂಶವಿಲ್ಲದ ಖಾಲಿ ಕೊಳವೆಗಳನ್ನು ಮಾದರಿಯ ಜೊತೆಯಲ್ಲೇ ಎಲ್ಲ ಹಂತಗಳಲ್ಲೂ ಸಾಗಿಸಬೇಕು.

ಶರೀರಕ್ರಿಯೆಯ ಪ್ರಯೋಗಗಳಲ್ಲಿ ರೂಢಿಯಲ್ಲಿರುವ ಕ್ರೆಬ್ಸ್ ದ್ರಾವಣದಲ್ಲಿ ಬೈಕಾರ್ಬೊನೇಟ್ ಮತ್ತು ಫಾಸ್ಫೇಟ್ ಎರಡೂ ಇರುತ್ತವೆ. ಅದನ್ನು ತಯಾರಿಸುವಾಗ ಮೊದಲು 95 ಶೇಕಡಾ ಆಮ್ಲಜನಕ ಮತ್ತು 5 ಶೇಕಡಾ ಇಂಗಾಲದ ಡೈಆಕ್ಸೈಡ್ ಮಿಶ್ರಣವನ್ನು ಹಾಯಿಸಿ, ಕ್ಯಾಲ್ಸಿಯಂ ಕ್ಲೋರೈಡನ್ನು ಕೊನೆಯಲ್ಲಿ ಸೇರಿಸಬೇಕು. ಇಲ್ಲದಿದ್ದರೆ ದ್ರಾವಣ ಮಸುಕಾಗಿ ಪ್ರಕ್ಷೇಪ ಕೂರುತ್ತದೆ. ಬಂಧನದ ಅಳತೆಗೆ ಮಾತ್ರ ಈ ದ್ರಾವಣವನ್ನು ನಾನು ಶಿಫಾರಸು ಮಾಡುವುದಿಲ್ಲ. ಸೋಡಿಯಂ ಕ್ಲೋರೈಡ್ 140, ಪೊಟ್ಯಾಸಿಯಂ ಕ್ಲೋರೈಡ್ 5, ಮೆಗ್ನೀಸಿಯಂ ಕ್ಲೋರೈಡ್ 1, ಕ್ಯಾಲ್ಸಿಯಂ ಕ್ಲೋರೈಡ್ 1.5, ಗ್ಲೂಕೋಸ್ 10, ಪಿಎಚ್ ಕಾಯುವ ಬಫರ್ ಆದ ಹೆಪೆಸ್ 10, ಎಲ್ಲವೂ ಮಿಲಿಮೋಲಾರ್‌ನಲ್ಲಿ, ಪಿಎಚ್ 7.4 ಇರುವ ದ್ರಾವಣ ಸಾಕು. ಮುಂದೆ ಲ್ಯಾಂಥನಮ್ ಬಳಸುವ ಹಂತದಲ್ಲಿ ಫಾಸ್ಫೇಟಾಗಲಿ ಬೈಕಾರ್ಬೊನೇಟಾಗಲಿ ಇರಲೇಬಾರದು, ಏಕೆಂದರೆ ಲ್ಯಾಂಥನಮ್ ಆ ಎರಡರ ಜೊತೆಗೂ ಕೂಡಿ ಕರಗದ ಲವಣವಾಗುತ್ತದೆ, ದ್ರಾವಣದಲ್ಲಿ ಎಷ್ಟು ಉಳಿಯಿತೆಂದು ಹೇಳಲಾಗುವುದಿಲ್ಲ.

ಅಂಗಾಂಶದ ಸಿದ್ಧತೆ

ಪ್ರಯೋಗಾಲಯದ ಪ್ರಾಣಿಯಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬರಬೇಕು. ಕಸಾಯಿಖಾನೆಯಿಂದ ತರುವ ಅಂಗಾಂಶವಾದರೆ ಪ್ರಾಣಿ ಸತ್ತ ಎಷ್ಟು ಹೊತ್ತಿಗೆ ಅದು ತಂಪಾದ ದ್ರಾವಣಕ್ಕೆ ಬಂತೆಂದು ಬರೆದಿಟ್ಟುಕೊಳ್ಳಬೇಕು. ಸುತ್ತಲಿನ ಕೊಬ್ಬನ್ನೂ ಅಡ್ವೆಂಟೀಷಿಯಾವನ್ನೂ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ನಾಳವನ್ನು ಉದ್ದಕ್ಕೆ ಸೀಳಿ, ಚಪ್ಪಟೆಯಾಗಿ ಹರಡಿ ತುಂಡು ಮಾಡಬೇಕು. ಮಹಾಪಧಮನಿಯ ಕಮಾನಿನಿಂದ ಹೊಟ್ಟೆಯ ಭಾಗದವರೆಗೆ ಎಲಾಸ್ಟಿನ್ ಮತ್ತು ಕೊಲಾಜೆನ್‌ಗಳ ಪ್ರಮಾಣ ಬದಲಾಗುತ್ತ ಹೋಗುವುದರಿಂದ, ಎಲ್ಲ ಪ್ರಾಣಿಗಳಿಂದಲೂ ಒಂದೇ ಭಾಗವನ್ನು ತೆಗೆದುಕೊಳ್ಳುವುದು ಅಗತ್ಯ.

ತಂಪಿನಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ನಿಂತುಹೋಗುತ್ತದೆ. ಕೋಶಗಳು ಪೊಟ್ಯಾಸಿಯಂ ಕಳೆದುಕೊಂಡು ಸೋಡಿಯಂ ತುಂಬಿಕೊಳ್ಳುತ್ತವೆ. ಹೀಗಾಗಿ ಕೋಶಗಳು ಜೀವಂತವಾಗಿರಬೇಕಾದ ಪ್ರಯೋಗಗಳಲ್ಲಿ ತುಣುಕುಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮ್ಲಜನಕ ಹಾಯುವ ದ್ರಾವಣದಲ್ಲಿ ಒಂದೆರಡು ಗಂಟೆ ಚೇತರಿಸಿಕೊಳ್ಳಲು ಬಿಡಬೇಕು. ಚೇತರಿಸಿಕೊಂಡವೇ ಇಲ್ಲವೇ ಎಂಬುದಕ್ಕೆ ಒಣತೂಕದ ಲೆಕ್ಕದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂಬುದೇ ಅತ್ಯಂತ ಅಗ್ಗದ ಸಾಕ್ಷಿ. ಪೊಟ್ಯಾಸಿಯಂ ಕುಸಿದ ತುಣುಕಿನ ಕ್ಯಾಲ್ಸಿಯಂ ಅಂಕಿ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬದಿಗಿಡಬೇಕು.

ಹಸಿತೂಕ ತೆಗೆಯುವ ಮೊದಲು ಪ್ರತಿ ತುಣುಕನ್ನೂ ಒಂದೇ ಭಾರದ ಕೆಳಗೆ, ಒಂದೇ ಹೊತ್ತು ಒತ್ತಬೇಕು. ಕೈಬೆರಳಿನ ಅಂದಾಜಿನಿಂದ ಒತ್ತಿದರೆ ಫಲಿತಾಂಶಗಳ ಚದುರುವಿಕೆಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಆಮೇಲೆ 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ. ಎರಡು ತೂಕಗಳ ವ್ಯತ್ಯಾಸ ನೀರು. ಅಂತಿಮ ಅಂಕಿಗಳನ್ನು ಒಣತೂಕಕ್ಕೆ ಹೊಂದಿಸಿ ಕೊಡುವುದು ಒಳ್ಳೆಯದು, ಏಕೆಂದರೆ ಗೋಡೆ ಊದಿಕೊಂಡಾಗ ಹಸಿತೂಕವೇ ಬದಲಾಗಿ, ಏನೂ ಬದಲಾಗದ ಕ್ಯಾಲ್ಸಿಯಂ ಕಡಿಮೆಯಾದಂತೆ ಕಾಣುತ್ತದೆ.

ಒಟ್ಟು ಅಯಾನುಗಳ ಅಳತೆ

ಒಣಗಿದ ತುಣುಕಿಗೆ ಸಾರೀಕೃತ ನೈಟ್ರಿಕ್ ಆಮ್ಲವನ್ನು ಅರ್ಧ ಮಿಲಿಲೀಟರಿನಷ್ಟು ಹಾಕಿ, ಮುಚ್ಚಿದ ಕೊಳವೆಯಲ್ಲಿ, ಹೊಗೆಗೂಡಿನ ಒಳಗೆ, 80ರಿಂದ 90 ಡಿಗ್ರಿಯಲ್ಲಿ ದ್ರವ ತಿಳಿಯಾಗುವವರೆಗೆ ಇಡಬೇಕು. ಪರ್ಕ್ಲೋರಿಕ್ ಆಮ್ಲವನ್ನು ಸೇರಿಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಹಳೆಯ ವಿಧಾನಗಳು ಹೇಳುತ್ತವೆ, ಆದರೆ ಸಾವಯವ ವಸ್ತುವಿನ ಜೊತೆ ಅದು ಸ್ಫೋಟಿಸಬಲ್ಲದು. ಅದಕ್ಕೆಂದೇ ಮಾಡಿದ ಹೊಗೆಗೂಡು ಇಲ್ಲದ ಕಡೆ ಅದರ ಸಹವಾಸ ಬೇಡ. ಸೋಡಿಯಂ ಮತ್ತು ಪೊಟ್ಯಾಸಿಯಂಗಳನ್ನು ಜ್ವಾಲಾ ಫೋಟೋಮೀಟರಿನಲ್ಲಿ 589 ಮತ್ತು 766.5 ನ್ಯಾನೋಮೀಟರಿನಲ್ಲೂ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಪರಮಾಣು ಹೀರಿಕೆಯ ಉಪಕರಣದಲ್ಲಿ 422.7 ಮತ್ತು 285.2 ನ್ಯಾನೋಮೀಟರಿನಲ್ಲೂ ಓದಬಹುದು. ಅಂಗಾಂಶದ ಫಾಸ್ಫೇಟ್ ಜ್ವಾಲೆಯಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಸಂಕೇತವನ್ನು ತಗ್ಗಿಸುತ್ತದೆ. ಅದನ್ನು ತಪ್ಪಿಸಲು ಮಾದರಿಗಳಿಗೂ ಮಾನಕ ದ್ರಾವಣಗಳಿಗೂ ಒಂದೇ ಪ್ರಮಾಣದಲ್ಲಿ, 0.1ರಿಂದ 1 ಶೇಕಡಾ ಲ್ಯಾಂಥನಮ್ ಸೇರಿಸಬೇಕು. ತಿಳಿದ ಪ್ರಮಾಣದ ಕ್ಯಾಲ್ಸಿಯಂ ಅನ್ನು ಕೆಲವು ಮಾದರಿಗಳಿಗೆ ಬೇಕೆಂದೇ ಸೇರಿಸಿ, ಅದು ಪೂರ್ತಿ ಮರಳಿ ಸಿಗುತ್ತದೆಯೇ ಎಂದು ನೋಡುವುದು ಈ ಹಂತದ ನಿಜವಾದ ಪರೀಕ್ಷೆ.

ಅಂಥ ಉಪಕರಣ ಇಲ್ಲದ ಕಾಲೇಜುಗಳಲ್ಲಿ ತುಣುಕನ್ನು 0.6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 24ರಿಂದ 48 ಗಂಟೆ ಇಟ್ಟು, ಹೊರಬಂದ ಕ್ಯಾಲ್ಸಿಯಂ ಅನ್ನು ಕ್ರೆಸಾಲ್‌ಫ್ತಾಲೀನ್ ಕಾಂಪ್ಲೆಕ್ಸೋನ್ ಬಣ್ಣದಿಂದ ಅಳೆಯಬಹುದು. ಮೆಗ್ನೀಸಿಯಂ ಅಡ್ಡಬರದಂತೆ 8-ಹೈಡ್ರಾಕ್ಸಿಕ್ವಿನೋಲಿನ್ ಇರಬೇಕು. ಸುಣ್ಣಗಟ್ಟಿದ ಗೋಡೆಗೆ ಈ ವಿಧಾನ ಸಾಕಾಗುತ್ತದೆ. ಆರೋಗ್ಯವಂತ ಎಳೆಯ ಇಲಿಯ ಕೆಲವೇ ಮಿಲಿಗ್ರಾಂ ತುಣುಕಿಗೆ ಅದರ ಸೂಕ್ಷ್ಮತೆ ಸಾಲದು.

ನೀರಿನ ಪಾಲು: ಎಲ್ಲ ಲೆಕ್ಕದ ಬುಡ

ಒಟ್ಟು ನೀರಿನಲ್ಲಿ ಎಷ್ಟು ಭಾಗ ಕೋಶಗಳ ಹೊರಗಿದೆ ಎಂದು ತಿಳಿಯಲು, ಕೋಶದೊಳಕ್ಕೆ ಹೋಗದ ಗುರುತು ವಸ್ತುವೊಂದನ್ನು ದ್ರಾವಣದಲ್ಲಿ ಸೇರಿಸಿ, ಸಮಸ್ಥಿತಿಯಾದ ಮೇಲೆ ಅಂಗಾಂಶದಲ್ಲಿ ಅದು ಎಷ್ಟಿದೆ ಎಂದು ನೋಡಬೇಕು. ಗುರುತು ವಸ್ತುವಿನ ಆಯ್ಕೆ ಇಲ್ಲಿ ನಿರ್ಣಾಯಕ. ಸುಮಾರು 5,000 ಡಾಲ್ಟನ್ ತೂಕದ ಇನ್ಯುಲಿನ್ ದಟ್ಟವಾದ ಜಾಲದ ಸಣ್ಣ ಸಂದುಗಳಿಗೆ ಹೋಗುವುದಿಲ್ಲ, ಆದ್ದರಿಂದ ಹೊರನೀರನ್ನು ಕಡಿಮೆ ತೋರಿಸುತ್ತದೆ. ಕೋಬಾಲ್ಟ್-ಇಡಿಟಿಎ, ಕ್ರೋಮಿಯಂ-ಇಡಿಟಿಎ, ಸಲ್ಫೇಟ್ ಮೊದಲಾದವು ಚಿಕ್ಕವು, ಆದರೆ ಋಣಾವೇಶದವು. ಅಂಗಾಂಶದ ಋಣಾವೇಶ ಅವನ್ನು ದೂರ ತಳ್ಳುತ್ತದೆ. ಒಂದು ಧನಾವೇಶದ ಅಯಾನು ಒಳಗೆ ಹೊರಗಿನದಕ್ಕಿಂತ ಎಷ್ಟು ಪಟ್ಟು ಎಂಬುದೇ ಡೊನಾನ್ ಅನುಪಾತ; ಕೆಳಗಿನ ಉದಾಹರಣೆಯಂತೆ ಅದು 1.105 ಎಂದಿಟ್ಟುಕೊಂಡರೆ, ಒಂದು ಋಣಾವೇಶದ ಗುರುತು ಹೊರನೀರನ್ನು ಸುಮಾರು 9.5 ಶೇಕಡಾ, ಎರಡು ಋಣಾವೇಶದ ಗುರುತು ಸುಮಾರು 18 ಶೇಕಡಾ ಕಡಿಮೆ ತೋರಿಸುತ್ತದೆ. ಆವೇಶವಿಲ್ಲದ ಚಿಕ್ಕ ಅಣುವಾದ, ವಿಕಿರಣಶೀಲ ಇಂಗಾಲ-14ರ ಗುರುತಿರುವ ಸುಕ್ರೋಸನ್ನೇ ನಾನು ಆರಿಸುತ್ತೇನೆ. ಅದನ್ನೂ ಬೇರೆ ಬೇರೆ ಕಾಲಾವಧಿಗಳಲ್ಲಿ ಅಳೆದು, ಅಂಕಿ ಒಂದು ಮಟ್ಟದಲ್ಲಿ ನಿಲ್ಲುತ್ತದೆಯೇ ಅಥವಾ ನಿಧಾನವಾಗಿ ಏರುತ್ತಲೇ ಇದೆಯೇ ಎಂದು ನೋಡಬೇಕು. ಏರುತ್ತಲೇ ಇದ್ದರೆ ಸುಕ್ರೋಸ್ ಕೋಶಗಳಿಗೆ ಸೋರುತ್ತಿದೆ ಎಂದು ಅರ್ಥ.

ಸಮಸ್ಥಿತಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಎರಡೂ ಕಡೆಯಿಂದ ದ್ರಾವಣ ತಾಗುವ ಹಾಳೆಯಲ್ಲಿ, ಅರ್ಧ ದಪ್ಪದ ವರ್ಗವನ್ನು ವಿಸರಣ ಗುಣಾಂಕದಿಂದ ಭಾಗಿಸಿದರೆ ಬರುವ ಕಾಲದಲ್ಲಿ ಸುಮಾರು 93 ಶೇಕಡಾ ಸಮಸ್ಥಿತಿ ಆಗಿರುತ್ತದೆ, ಅದರ ಎರಡರಷ್ಟು ಕಾಲದಲ್ಲಿ 99 ಶೇಕಡಾ ದಾಟಿರುತ್ತದೆ. ಅಂಗಾಂಶದಲ್ಲಿ ಕ್ಯಾಲ್ಸಿಯಂನ ವಿಸರಣ ಗುಣಾಂಕವನ್ನು ಸೆಕೆಂಡಿಗೆ 0.000005 ಚದರ ಸೆಂಟಿಮೀಟರ್ ಎಂದು ಹಿಡಿದರೆ, 0.1 ಮಿಲಿಮೀಟರ್ ದಪ್ಪದ ಇಲಿಯ ಮೀಡಿಯಾಕ್ಕೆ ಆ ಕಾಲ 5 ಸೆಕೆಂಡು, 2 ಮಿಲಿಮೀಟರ್ ದಪ್ಪದ ಹಂದಿಯ ಗೋಡೆಗೆ 2,000 ಸೆಕೆಂಡು. ಇಷ್ಟಕ್ಕೆ ಮುಗಿಯಲಿಲ್ಲ. ಪ್ರತಿ ಒಂದು ಸ್ವತಂತ್ರ ಅಯಾನಿಗೆ ನಾಲ್ಕು ಬಂಧಿತವಾಗುತ್ತವೆ ಎಂದಾದರೆ ವಿಸರಣ ಐದು ಪಟ್ಟು ನಿಧಾನವಾಗಿ, ಹಂದಿಯ ಗೋಡೆಗೆ 10,000 ಸೆಕೆಂಡು, ಅಂದರೆ ಸುಮಾರು 2 ಗಂಟೆ 45 ನಿಮಿಷ ಬೇಕಾಗುತ್ತದೆ. ಅರ್ಧ ಗಂಟೆ ನೆನೆಸಿದ ದಪ್ಪ ಗೋಡೆಯಲ್ಲಿ 'ನಿಧಾನವಾಗಿ ವಿನಿಮಯವಾಗುವ ಭಾಗ' ಕಂಡಿತೆಂದು ಬರೆಯುವ ಮೊದಲು ಇದನ್ನು ನೆನೆಯಬೇಕು. ಕಂಡದ್ದು ಬರೀ ವಿಸರಣದ ವಿಳಂಬ ಇರಬಹುದು.

ಡೊನಾನ್ ಲೆಕ್ಕ

ಸ್ಥಿರ ಆವೇಶವನ್ನು ಅಳೆಯಲು, ತುಣುಕನ್ನು ಹಲವು ಬಾರಿ ಹೆಪ್ಪುಗಟ್ಟಿಸಿ ಕರಗಿಸಿ ಅಥವಾ ಟ್ರೈಟನ್ ಮಾರ್ಜಕದಿಂದ ತೊಳೆದು ಕೋಶಪೊರೆಗಳನ್ನು ಒಡೆಯಬೇಕು. ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿಯುವ ಇಜಿಟಿಎ ಎಂಬ ವಸ್ತುವಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಕಳೆದು, ಆ ಇಜಿಟಿಎಯನ್ನೂ ಪೂರ್ತಿ ತೊಳೆಯಬೇಕು. ನಂತರ 15 ಮಿಲಿಮೋಲಾರ್‌ನಷ್ಟು ತೆಳು ಸೋಡಿಯಂ ಕ್ಲೋರೈಡ್‌ನಲ್ಲಿ ಸಮಸ್ಥಿತಿಗೆ ತಂದು, ಅಂಗಾಂಶದ ಸೋಡಿಯಂ, ಕ್ಲೋರೈಡ್, ನೀರು ಮೂರನ್ನೂ ಅಳೆಯಬೇಕು. ಒಂದು ಲೀಟರ್ ಅಂಗಾಂಶನೀರಿನ ಲೆಕ್ಕದಲ್ಲಿ ಸೋಡಿಯಂನಿಂದ ಕ್ಲೋರೈಡನ್ನು ಕಳೆದರೆ ಉಳಿಯುವುದೇ ಸ್ಥಿರ ಆವೇಶ. ಸೋಡಿಯಂ 36.2, ಕ್ಲೋರೈಡ್ 6.2 ಬಂದರೆ ಸ್ಥಿರ ಆವೇಶ ಲೀಟರಿಗೆ 30 ಮಿಲಿಈಕ್ವಿವಲೆಂಟ್. ತೆಳು ಲವಣದಲ್ಲಿ ಅಂಗಾಂಶ ಊದಿಕೊಳ್ಳುವುದರಿಂದ, ಈ ಅಂಕಿಯನ್ನು ಶರೀರಕ್ರಿಯೆಯ ದ್ರಾವಣಕ್ಕೆ ಒಯ್ಯುವಾಗ ಅಲ್ಲಿನ ನೀರಿನ ಪ್ರಮಾಣಕ್ಕೆ ತಕ್ಕಂತೆ ತಿದ್ದಬೇಕು. ಒಡೆದ ಕೋಶಗಳ ಪ್ರೋಟೀನು ಮತ್ತು ನ್ಯೂಕ್ಲಿಯಿಕ್ ಆಮ್ಲಗಳ ಆವೇಶವೂ ಇದರಲ್ಲಿ ಸ್ವಲ್ಪ ಬೆರೆತಿರುತ್ತದೆ.

ಡೊನಾನ್ ಅನುಪಾತವನ್ನು ಹೀಗೆ ಪಡೆಯಬಹುದು. ಸ್ಥಿರ ಆವೇಶವನ್ನು ಹೊರಗಿನ ಲವಣದ ಸಾರತೆಯ ಎರಡರಷ್ಟರಿಂದ ಭಾಗಿಸಿ. ಬಂದ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿ ವರ್ಗಮೂಲ ತೆಗೆದು, ಅದಕ್ಕೆ ಆ ಸಂಖ್ಯೆಯನ್ನೇ ಮತ್ತೆ ಕೂಡಿಸಿ. ಸ್ಥಿರ ಆವೇಶ 30, ಹೊರಗಿನ ಲವಣ 150 ಮಿಲಿಮೋಲಾರ್ ಆದಾಗ ಭಾಗಲಬ್ಧ 0.1, ಅನುಪಾತ 1.105. ಸೋಡಿಯಂ ಒಳಗೆ ಹೊರಗಿನದಕ್ಕಿಂತ 1.105 ಪಟ್ಟು, ಎರಡು ಧನಾವೇಶದ ಕ್ಯಾಲ್ಸಿಯಂ ಆ ಅನುಪಾತದ ವರ್ಗದಷ್ಟು, ಅಂದರೆ 1.22 ಪಟ್ಟು ಇರುತ್ತದೆ. ಅದೇ ಅಂಗಾಂಶವನ್ನು 15 ಮಿಲಿಮೋಲಾರ್ ಲವಣಕ್ಕೆ ಹಾಕಿದರೆ, ಊತವನ್ನು ಬಿಟ್ಟು ಲೆಕ್ಕ ಹಾಕಿದಾಗ, ಅನುಪಾತ 2.41ಕ್ಕೂ ಕ್ಯಾಲ್ಸಿಯಂನ ಪಟ್ಟು 5.83ಕ್ಕೂ ಏರುತ್ತದೆ. ಅಂಗಾಂಶದಲ್ಲಿ ಏನೂ ಹೊಸದಾಗಿ ಬಂಧಿತವಾಗದೆಯೇ ಇಷ್ಟು ವ್ಯತ್ಯಾಸ.

ಈಗ ಒಂದು ಕಲ್ಪಿತ ಮಾದರಿಯ ಮೇಲೆ ಪೂರ್ತಿ ಲೆಕ್ಕ ಮಾಡೋಣ. ಒಂದು ಕಿಲೋಗ್ರಾಂ ಹಸಿ ಗೋಡೆಯಲ್ಲಿ 0.72 ಲೀಟರ್ ನೀರು, ಅದರಲ್ಲಿ ಕೋಶದ ಹೊರಗಿನದು 0.45 ಲೀಟರ್, ಒಟ್ಟು ಕ್ಯಾಲ್ಸಿಯಂ 3.6 ಮಿಲಿಮೋಲ್, ದ್ರಾವಣದ ಕ್ಯಾಲ್ಸಿಯಂ 1.5 ಮಿಲಿಮೋಲಾರ್ ಎಂದಿರಲಿ. ಹೊರನೀರಿನಲ್ಲಿ ಸ್ವತಂತ್ರವಾಗಿ ಕರಗಿರಬೇಕಾದದ್ದು 0.68 ಮಿಲಿಮೋಲ್, ಡೊನಾನ್ ಸೆಳೆತದ ಹೆಚ್ಚುವರಿ 0.15 ಮಿಲಿಮೋಲ್. ಉಳಿದ ಸುಮಾರು 2.8 ಮಿಲಿಮೋಲ್ ಬಂಧಿತ, ಖನಿಜ ಮತ್ತು ಕೋಶದೊಳಗಿನ ಭಾಗಗಳಿಗೆ ಸೇರಿದ್ದು. ಕ್ಯಾಲ್ಸಿಯಂ ವಿಷಯದಲ್ಲಿ ಡೊನಾನ್ ತಿದ್ದುಪಡಿ ಚಿಕ್ಕದಾಗಿ ಕಾಣುತ್ತದೆ, ಆದ್ದರಿಂದ ಅದನ್ನು ಬಿಟ್ಟುಬಿಡೋಣ ಎನ್ನಿಸಬಹುದು. ಸೋಡಿಯಂಗೆ ಅದೇ ಲೆಕ್ಕ ಮಾಡಿ ನೋಡಿ: ಹೊರನೀರಿನಲ್ಲಿ 67.5 ಮಿಲಿಮೋಲ್, ಡೊನಾನ್ ಹೆಚ್ಚುವರಿ ಸುಮಾರು 7 ಮಿಲಿಮೋಲ್, ಕೋಶದೊಳಗಿನ 0.27 ಲೀಟರ್ ನೀರಿನಲ್ಲಿ ಸೋಡಿಯಂ 15 ಮಿಲಿಮೋಲಾರ್ ಇದ್ದರೆ ಅದು ಬರೀ 4 ಮಿಲಿಮೋಲ್. ತಿದ್ದುಪಡಿಯೇ ಹುಡುಕುತ್ತಿರುವ ಅಂಕಿಗಿಂತ ದೊಡ್ಡದು. ಸುಕ್ರೋಸಿನ ಅಳತೆಯಲ್ಲಿ 0.05 ಲೀಟರ್ ತಪ್ಪಿದರೂ ಸೋಡಿಯಂನಲ್ಲಿ 7.5 ಮಿಲಿಮೋಲ್ ತಪ್ಪುತ್ತದೆ. ಹೀಗಾಗಿ ಕೋಶದ ಸೋಡಿಯಂ ಬೇಕಾದವರು ಕಳೆಯುವ ಲೆಕ್ಕವನ್ನು ಬಿಟ್ಟು, ಸೋಡಿಯಂ ಬದಲು ಲಿಥಿಯಂ ಇರುವ ತಣ್ಣನೆಯ ದ್ರಾವಣದಲ್ಲಿ ಹೊರಗಿನ ಸೋಡಿಯಂ ಅನ್ನು ತೊಳೆದು ಉಳಿದದ್ದನ್ನು ನೇರವಾಗಿ ಅಳೆಯುವುದು ಮೇಲು.

1952ರಲ್ಲಿ ಲೂಯಿ ಟೋಬಿಯನ್ ಮತ್ತು ಬಿನಿಯನ್ ಅವರು ರಕ್ತದೊತ್ತಡವಿದ್ದು ಸತ್ತವರ ಮೂತ್ರಪಿಂಡದ ಅಪಧಮನಿಯ ಗೋಡೆಯಲ್ಲಿ ಸೋಡಿಯಂ ಮತ್ತು ನೀರು ಹೆಚ್ಚಿರುವುದನ್ನು ವರದಿ ಮಾಡಿದ ಮೇಲೆ, ಆ ಹೆಚ್ಚಳ ಕೋಶದ ಒಳಗಿನದೇ ಹೊರಗಿನದೇ ಎಂಬ ಪ್ರಶ್ನೆ ದಶಕಗಳ ಕಾಲ ಜೀವಂತವಾಗಿತ್ತು. ಮೇಲಿನ ಅಂಕಿಗಳನ್ನು ನೋಡಿದರೆ ಅದು ಸುಲಭಕ್ಕೆ ಬಗೆಹರಿಯದ ಪ್ರಶ್ನೆಯೆಂಬುದು ಅರ್ಥವಾಗುತ್ತದೆ.

ಕೋಶದ ಪಾಲು ಮತ್ತು ಖನಿಜದ ಪಾಲು

ಕೋಶದೊಳಗಿನ ಕ್ಯಾಲ್ಸಿಯಂ ಅನ್ನು ಬೇರ್ಪಡಿಸಲು ವಾನ್ ಬ್ರೀಮೆನ್ ಬಳಕೆಗೆ ತಂದ ಲ್ಯಾಂಥನಮ್ ವಿಧಾನವಿದೆ. ಮೂರು ಧನಾವೇಶದ ಲ್ಯಾಂಥನಮ್ ಹೊರಗಿನ ಬಂಧನ ತಾಣಗಳಿಂದ ಕ್ಯಾಲ್ಸಿಯಂ ಅನ್ನು ಹೊರದೂಡುತ್ತದೆ ಮತ್ತು ಕೋಶಪೊರೆಯ ಮೂಲಕ ಕ್ಯಾಲ್ಸಿಯಂ ಹಾಯುವುದನ್ನು ತಡೆಯುತ್ತದೆ. ವಿಕಿರಣಶೀಲ ಕ್ಯಾಲ್ಸಿಯಂ-45ರಲ್ಲಿ ನೆನೆಸಿದ ತುಣುಕನ್ನು 10 ಮಿಲಿಮೋಲಾರ್‌ನಷ್ಟು ಲ್ಯಾಂಥನಮ್ ಇರುವ ತಣ್ಣನೆಯ ದ್ರಾವಣದಲ್ಲಿ ತೊಳೆದು, ಉಳಿದದ್ದನ್ನು ಕೋಶದ್ದೆಂದು ಎಣಿಸುತ್ತಾರೆ. ಇದಕ್ಕೆ ಬದಲಾಗಿ 2 ಮಿಲಿಮೋಲಾರ್ ಇಜಿಟಿಎ ಇರುವ, ಕ್ಯಾಲ್ಸಿಯಂ ಇಲ್ಲದ ತಣ್ಣನೆಯ ದ್ರಾವಣವನ್ನೂ ಬಳಸಬಹುದು. ಇಜಿಟಿಎ ಕ್ಯಾಲ್ಸಿಯಂ ಹಿಡಿದಾಗ ಪ್ರೋಟಾನುಗಳನ್ನು ಬಿಡುವುದರಿಂದ ಬಫರ್ ಸಾಕಷ್ಟಿರಲಿ. ಎರಡರಲ್ಲೂ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಆದ್ದರಿಂದ ತೊಳೆಯುವ ಕಾಲವನ್ನು ಒಂದೇ ಬಿಂದುವಿಗೆ ನಿಲ್ಲಿಸದೆ, ಹಲವು ಕಾಲಗಳಲ್ಲಿ ಅಳೆದು ನಿಧಾನ ಭಾಗದ ಗೆರೆಯನ್ನು ಹಿಂದಕ್ಕೆ, ತೊಳೆಯಲು ಆರಂಭಿಸಿದ ಕ್ಷಣಕ್ಕೆ ಎಳೆಯಬೇಕು.

ದೀರ್ಘಕಾಲ ನೆನೆಸಿದರೂ ಕ್ಯಾಲ್ಸಿಯಂ-45ರೊಡನೆ ವಿನಿಮಯವಾಗದ ಭಾಗ ಖನಿಜದ್ದಾಗಿರುವ ಸಂಭವ ಹೆಚ್ಚು. ಫಾಸ್ಫೇಟನ್ನೂ ಅಳೆದು, ಮುದಿ ಅಥವಾ ಸುಣ್ಣಗಟ್ಟಿದ ಗೋಡೆಯಲ್ಲಿ ಎಳೆಯ ಗೋಡೆಗಿಂತ ಹೆಚ್ಚಾದ ಕ್ಯಾಲ್ಸಿಯಂ ಮತ್ತು ಹೆಚ್ಚಾದ ಫಾಸ್ಫರಸ್‌ಗಳ ಮೋಲ್ ಅನುಪಾತ ಹೈಡ್ರಾಕ್ಸಿಅಪಟೈಟಿನ 1.67ಕ್ಕೆ ಹತ್ತಿರವಿದೆಯೇ ಎಂದು ನೋಡಬಹುದು. ಬಣ್ಣ ಹಾಕಿ ನೋಡುವವರು ಒಂದು ಮಾತನ್ನು ಮರೆಯಬಾರದು: ವಾನ್ ಕೊಸ್ಸಾ ಬಣ್ಣದಲ್ಲಿ ಬೆಳ್ಳಿ ಕೂಡುವುದು ಫಾಸ್ಫೇಟಿನ ಜೊತೆ, ಕ್ಯಾಲ್ಸಿಯಂ ಜೊತೆಗಲ್ಲ. ಕ್ಯಾಲ್ಸಿಯಂಗೆ ಅಲಿಜರಿನ್ ರೆಡ್ ಬೇಕು. ಸ್ಥಿರ ಆವೇಶದಿಂದ ಅಥವಾ ತಾಣಗಳಿಂದ ಹಿಡಿದಿಟ್ಟ ಕ್ಯಾಲ್ಸಿಯಂ ಈ ಎರಡರಲ್ಲೂ ನಂಬುವಂತೆ ಕಾಣುವುದಿಲ್ಲ.

ಬಂಧನದ ರೇಖೆ

ನಿಜವಾದ ಬಂಧನವನ್ನು ಅಳೆಯಲು ಕೋಶಗಳು ಬೇಕಾಗಿಲ್ಲ. ಅವು ಇಲ್ಲದಿದ್ದರೇ ಒಳ್ಳೆಯದು. ಪೊರೆಗಳನ್ನು ಒಡೆದು ತೊಳೆದ ಮೀಡಿಯಾ ತುಣುಕುಗಳನ್ನು, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಮತ್ತು ಹೆಪೆಸ್ ಇರುವ, 0.01ರಿಂದ 10 ಮಿಲಿಮೋಲಾರ್‌ವರೆಗಿನ ಬೇರೆ ಬೇರೆ ಕ್ಯಾಲ್ಸಿಯಂ ಸಾರತೆಯ ದ್ರಾವಣಗಳಲ್ಲಿ ಒಂದು ದಿನ ಇಡಬೇಕು. ಬ್ಯಾಕ್ಟೀರಿಯಾ ಬೆಳೆಯದಂತೆ 0.02 ಶೇಕಡಾ ಸೋಡಿಯಂ ಅಜೈಡ್ ಸಾಕು. ಕೊನೆಯಲ್ಲಿ ದ್ರಾವಣದ ಸ್ವತಂತ್ರ ಕ್ಯಾಲ್ಸಿಯಂ ಅನ್ನು ಅಯಾನು-ಆಯ್ಕೆಯ ವಿದ್ಯುದ್ವಾರದಿಂದ ಅಳೆಯಬೇಕು. ಆರಂಭದಲ್ಲಿ ಹಾಕಿದ ಸಾರತೆಯನ್ನೇ ಬಳಸಿದರೆ ಕಡಿಮೆ ಸಾರತೆಯ ಕಡೆ ರೇಖೆ ಪೂರ್ತಿ ತಪ್ಪುತ್ತದೆ. ಅಂಗಾಂಶದ ಒಟ್ಟು ಕ್ಯಾಲ್ಸಿಯಂನಿಂದ, ಅಂಗಾಂಶನೀರು, ಸ್ವತಂತ್ರ ಸಾರತೆ ಮತ್ತು ಡೊನಾನ್ ಅನುಪಾತದ ವರ್ಗ ಈ ಮೂರರ ಗುಣಲಬ್ಧವನ್ನು ಕಳೆದರೆ ಬಂಧಿತ ಭಾಗ ಸಿಗುತ್ತದೆ.

ಈ ಅಂಕಿಗಳನ್ನು ಸ್ಕ್ಯಾಚರ್ಡ್ ರೇಖೆಯಾಗಿ (ಬಂಧಿತ ಭಾಗದ ಎದುರು, ಬಂಧಿತವನ್ನು ಸ್ವತಂತ್ರದಿಂದ ಭಾಗಿಸಿದ ಅಂಕಿಯನ್ನಿಟ್ಟು) ಎಳೆದಾಗ ಅದು ಸಾಮಾನ್ಯವಾಗಿ ಒಳಕ್ಕೆ ಬಾಗುತ್ತದೆ, ಆ ಬಾಗಿನ ಮೇಲೆ ಎರಡು ನೇರ ಗೆರೆಗಳನ್ನು ಇಟ್ಟು 'ಬಲವಾದ' ಮತ್ತು 'ದುರ್ಬಲ' ಎಂಬ ಎರಡು ಬಗೆಯ ತಾಣಗಳನ್ನು ಘೋಷಿಸುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ತಡೆಯಬೇಕು. ಎಲ್ಲ ತಾಣಗಳೂ ಒಂದೇ ಬಗೆಯವಾಗಿದ್ದರೂ, ಕ್ಯಾಲ್ಸಿಯಂ ಸೇರಿದಂತೆಲ್ಲ ಅಂಗಾಂಶದ ಋಣಾವೇಶ ಕುಗ್ಗಿ ಮುಂದಿನ ಅಯಾನಿನ ಮೇಲಿನ ಸೆಳೆತ ಕಡಿಮೆಯಾಗುತ್ತದೆ. ಅಷ್ಟರಿಂದಲೇ ರೇಖೆ ಬಾಗಬಲ್ಲದು. ಬಂಧನದ ಪ್ರಮಾಣಕ್ಕೆ ತಕ್ಕಂತೆ ಪ್ರತಿ ಬಿಂದುವಿನಲ್ಲೂ ಸ್ಥಿರ ಆವೇಶವನ್ನು ತಗ್ಗಿಸಿ ಡೊನಾನ್ ಅನುಪಾತವನ್ನು ಮರಳಿ ಲೆಕ್ಕ ಹಾಕಿ, ಮೂಲ ಅಂಕಿಗಳಿಗೇ ನೇರವಾಗಿ ಸಮೀಕರಣ ಹೊಂದಿಸುವುದು ಪ್ರಾಮಾಣಿಕ ದಾರಿ. ಆಮೇಲೂ ಬಾಗು ಉಳಿದರೆ ಎರಡನೆಯ ಬಗೆಯ ತಾಣದ ಮಾತನ್ನು ಆಡಬಹುದು.

ಸ್ಥಿರವಿದ್ಯುತ್ ಸೆಳೆತವನ್ನು ನಿರ್ದಿಷ್ಟ ಬಂಧನದಿಂದ ಬೇರೆ ಮಾಡುವ ಇನ್ನೊಂದು ಉಪಾಯ ಲವಣವನ್ನು ಏರಿಸುವುದು. ಸೋಡಿಯಂ ಕ್ಲೋರೈಡ್ 1 ಮೋಲಾರ್ ಇದ್ದಾಗ ನಮ್ಮ ಉದಾಹರಣೆಯ ಡೊನಾನ್ ಅನುಪಾತ 1.015ಕ್ಕೆ ಇಳಿಯುತ್ತದೆ, ಕ್ಯಾಲ್ಸಿಯಂನ ಹೆಚ್ಚುವರಿ ಬರೀ 3 ಶೇಕಡಾ. ಅಲ್ಲೂ ಉಳಿದುಕೊಳ್ಳುವ ಬಂಧನ ನಿಜವಾಗಿಯೂ ತಾಣಕ್ಕೆ ಅಂಟಿದ್ದು. ಪಿಎಚ್ ಅನ್ನು 3ರ ಹತ್ತಿರಕ್ಕೆ ಇಳಿಸಿದರೆ ಕಾರ್ಬಾಕ್ಸಿಲ್ ಗುಂಪುಗಳ ಆವೇಶ ಗಣನೀಯವಾಗಿ ಕುಗ್ಗುತ್ತದೆ, ಸಲ್ಫೇಟಿನದು ಉಳಿಯುತ್ತದೆ. ಕೊಂಡ್ರಾಯ್ಟಿನೇಸ್ ಎಬಿಸಿ ಕಿಣ್ವದಿಂದ ಕೊಂಡ್ರಾಯ್ಟಿನ್ ಮತ್ತು ಡರ್ಮಾಟಾನ್ ಸರಪಳಿಗಳನ್ನು ತೆಗೆದು ಬಂಧನ ಎಷ್ಟು ಇಳಿಯಿತೆಂದು ನೋಡಬಹುದು, ಆದರೆ ಆಗ ಸ್ಥಿರ ಆವೇಶವನ್ನು ಹೊಸದಾಗಿ ಅಳೆಯಲೇಬೇಕು.

ಎಲಾಸ್ಟಿನ್ ಬಗ್ಗೆ ಒಂದು ಎಚ್ಚರಿಕೆ ಇದೆ. ಅದನ್ನು ಶುದ್ಧ ಮಾಡುವ ಹಳೆಯ ಕ್ರಮದಲ್ಲಿ ಅಂಗಾಂಶವನ್ನು ಬಿಸಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಬಿಂದುವಿನ ಹತ್ತಿರ ಇಡುತ್ತಾರೆ. ಉಳಿದ ಪ್ರೋಟೀನುಗಳು ಕರಗಿ ಎಲಾಸ್ಟಿನ್ ಉಳಿಯುತ್ತದೆ. ಆ ಜೊತೆಗೆ ಎಲಾಸ್ಟಿನ್ ಹಾಳೆಯನ್ನು ಸುತ್ತಿದ ಫಿಬ್ರಿಲಿನ್ ಎಳೆಗಳೂ ಹೋಗುತ್ತವೆ. ಫಿಬ್ರಿಲಿನ್-1ರಲ್ಲಿ ಕ್ಯಾಲ್ಸಿಯಂ ಹಿಡಿಯುವ 43 ಘಟಕಗಳಿರುವುದರಿಂದ, ಕ್ಷಾರದಲ್ಲಿ ಬೇಯಿಸಿದ ಎಲಾಸ್ಟಿನ್‌ನ ಬಂಧನವನ್ನು ಗೋಡೆಯೊಳಗಿನ ಎಲಾಸ್ಟಿನ್ ಹಾಳೆಯ ಬಂಧನವೆಂದು ಬರೆಯುವಂತಿಲ್ಲ. ತಾಣಗಳಿರುವುದಷ್ಟೇ ಸುಣ್ಣಗಟ್ಟುವಿಕೆಗೆ ಕಾರಣವಾಗುವುದೂ ಇಲ್ಲ. 1997ರಲ್ಲಿ ಮೇಟ್ರಿಕ್ಸ್ ಗ್ಲಾ ಪ್ರೋಟೀನ್ ಇಲ್ಲದ ಇಲಿಮರಿಗಳನ್ನು ರೂಪಿಸಿದಾಗ, ಅವುಗಳ ಅಪಧಮನಿಗಳು ತಾವಾಗಿಯೇ ಸುಣ್ಣಗಟ್ಟಿ, ನಾಳ ಒಡೆದು ಅವು ಎರಡು ತಿಂಗಳೊಳಗೆ ಸತ್ತವು. ಆರೋಗ್ಯವಂತ ಗೋಡೆಯಲ್ಲಿ ಅದೇ ತಾಣಗಳ ಮೇಲೆ ಖನಿಜ ಬೆಳೆಯದಂತೆ ತಡೆಯುವ ವ್ಯವಸ್ಥೆ ಸದಾ ಕೆಲಸ ಮಾಡುತ್ತಿರುತ್ತದೆ.

ಕಣ್ಣಾರೆ ನೋಡಬೇಕೆನ್ನುವವರಿಗೆ

ಹಂಚಿಕೆಯನ್ನು ನೇರವಾಗಿ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಎಕ್ಸ್-ಕಿರಣ ವಿಶ್ಲೇಷಣೆ ಮಾಡಬಹುದು. ರಕ್ತನಾಳದ ಸ್ನಾಯುವಿನಲ್ಲಿ ಇದನ್ನು ಆಂಡ್ರ್ಯೂ ಮತ್ತು ಏವ್ರಿಲ್ ಸೋಮ್ಲ್ಯೋ ಬೆಳೆಸಿದರು. ರಾಸಾಯನಿಕವಾಗಿ ಸ್ಥಿರೀಕರಿಸಿದ ಅಂಗಾಂಶ ಇದಕ್ಕೆ ನಿಷ್ಪ್ರಯೋಜಕ, ಏಕೆಂದರೆ ಸ್ಥಿರೀಕರಣದ ವೇಳೆಗೇ ಅಯಾನುಗಳು ಜಾಗ ಬದಲಿಸಿರುತ್ತವೆ; ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಹೆಪ್ಪಿನಲ್ಲೇ ಸೀಳಿ, ಹೆಪ್ಪಿನಲ್ಲೇ ಒಣಗಿಸಬೇಕು. ಓದುವಾಗ ಪೊಟ್ಯಾಸಿಯಂನ 3.59 ಕಿಲೋಎಲೆಕ್ಟ್ರಾನ್‌ವೋಲ್ಟ್ ಗೆರೆ ಕ್ಯಾಲ್ಸಿಯಂನ 3.69ರ ಗೆರೆಯ ಮೇಲೆ ಬೀಳುತ್ತದೆ. ಪೊಟ್ಯಾಸಿಯಂ ತುಂಬಿದ ಕೋಶದೊಳಗೆ ಕ್ಯಾಲ್ಸಿಯಂ ಹೇರಳವಾಗಿದೆ ಎಂದು ಕಂಡರೆ ಮೊದಲು ಈ ಅತಿವ್ಯಾಪ್ತಿಯನ್ನು ಕಳೆದಿದ್ದೇವೆಯೇ ಎಂದು ಪರೀಕ್ಷಿಸಬೇಕು.

ಫಲಿತಾಂಶವನ್ನು ಬರೆಯುವಾಗ ಪ್ರತಿ ಅಂಕಿಯ ಜೊತೆಗೆ ಅದು ಯಾವ ತೂಕಕ್ಕೆ ಹೊಂದಿಸಿದ್ದು, ಹೊರನೀರಿಗೆ ಯಾವ ಗುರುತು ಬಳಸಲಾಯಿತು, ಸ್ಥಿರ ಆವೇಶವನ್ನು ಯಾವ ಲವಣದಲ್ಲಿ ಅಳೆಯಲಾಯಿತು, ತೊಳೆದದ್ದು ಎಷ್ಟು ಹೊತ್ತು ಮತ್ತು ಎಷ್ಟು ಡಿಗ್ರಿಯಲ್ಲಿ ಎಂಬುದು ಇರಲಿ. ಕ್ಯಾಲ್ಸಿಯಂ-45 ಬಳಸುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳು ಅನ್ವಯಿಸುತ್ತವೆ, ಸಂಸ್ಥೆಯ ವಿಕಿರಣ ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಮೊದಲೇ ಬೇಕು. ಅದು ಹೊಮ್ಮಿಸುವ ಬೀಟಾ ಕಣಗಳ ಗರಿಷ್ಠ ಶಕ್ತಿ 0.257 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಮಾತ್ರವಾದ್ದರಿಂದ ತೆಳು ಅಕ್ರಿಲಿಕ್ ಹಲಗೆಯೇ ತಡೆಯುತ್ತದೆ, ಆದರೆ ಒಳಸೇರಿದರೆ ಮೂಳೆಯಲ್ಲಿ ನೆಲೆಸುತ್ತದೆ. ಬಾಯಿಯಿಂದ ಪಿಪೆಟ್ ಎಳೆಯುವ ಅಭ್ಯಾಸ ಎಲ್ಲೂ ಉಳಿದಿರಕೂಡದು. ಅದರ ಅರ್ಧಾಯುಷ್ಯ ಸುಮಾರು 163 ದಿನ. ಹತ್ತು ಅರ್ಧಾಯುಷ್ಯ ಕಾಯಿಸಿ ಬಿಸಾಡುವ ಯೋಚನೆಯಿದ್ದರೆ ತ್ಯಾಜ್ಯದ ಡಬ್ಬಿಗೆ ಸುಮಾರು ನಾಲ್ಕೂವರೆ ವರ್ಷದ ಜಾಗವನ್ನು ಪ್ರಯೋಗ ಆರಂಭಿಸುವ ಮೊದಲೇ ಗೊತ್ತುಮಾಡಿ, ಡಬ್ಬಿಯ ಮೇಲೆ ದಿನಾಂಕ ಮತ್ತು ಪ್ರಮಾಣವನ್ನು ಅಳಿಸಲಾಗದ ಮಸಿಯಲ್ಲಿ ಬರೆಯಬೇಕು.